ಭೋಸರಿಯಿಂದ ಮೊಂಬಾಸಾಕ್ಕೆ 14 ಟನ್ನಿನ ಪ್ರೆಸ್ ಕಳುಹಿಸುವುದು ಹೇಗೆ?

ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕಾರ್ಖಾನೆ, 14 ಟನ್ ತೂಕದ ಹೈಡ್ರಾಲಿಕ್ ಪ್ರೆಸ್, ಕೊಂಡವರು ಕೀನ್ಯಾದವರು, ಆರ್ಡರಿನಲ್ಲಿ ‘ಎಫ್‌ಒಬಿ ಮುಂಬೈ’ (ಮುಂಬೈಯಲ್ಲಿ ಹಡಗು ಹತ್ತಿಸುವವರೆಗೆ ಖರ್ಚು, ಹೊಣೆ ಮಾರುವವರದು) ಎಂದಿದೆ, ಇದೇ ಮೊದಲ ರಫ್ತು; ಎಷ್ಟು ಖರ್ಚಾಗುತ್ತದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಖರ್ಚಿನ ಮಾತು ಆಮೇಲೆ. ನಾನು ಗದಗದ ಕಡೆಯವನು. ಪುಣೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಚಾಕಣ, ಭೋಸರಿ, ರಾಂಜಣಗಾಂವದ ಯಂತ್ರಗಳನ್ನು ಘಾಟು ಇಳಿಸಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಹತ್ತಿಸುವುದೇ ಕಸುಬು. ದರ ಕೇಳಿ ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು ‘ಎತ್ತರ ಎಷ್ಟು?’ ಎಂದು. ಹೆಚ್ಚಿನವರು ಕ್ಯಾಟಲಾಗ್ ತೆರೆದು ಓದಿ ಹೇಳುತ್ತಾರೆ. ಅಡಿಗೆ ಹಾಕುವ ಮರದ ದಿಮ್ಮಿ, ತಲೆಯ ಮೇಲೆ ಕುಳಿತ ಮೋಟಾರು, ಎತ್ತಲು ಹಾಕಿದ ಐಬೋಲ್ಟು ಇವು ಕ್ಯಾಟಲಾಗಿನಲ್ಲಿ ಇರುವುದಿಲ್ಲ.

ಇಪ್ಪತ್ತು ಅಡಿಯ ಸಾಮಾನ್ಯ ಕಂಟೇನರಿನ ಒಳಗಿನ ಎತ್ತರ ಸುಮಾರು 2.39 ಮೀಟರ್, ಬಾಗಿಲಿನ ಎತ್ತರ ಸುಮಾರು 2.28. ನಡುವಿನ ಆ ಹನ್ನೊಂದು ಸೆಂಟಿಮೀಟರಿನ ದೆಸೆಯಿಂದ ನಾನು ಒಂದು ಇಡೀ ರಾತ್ರಿ ಕಳೆದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಮೂರು ಟನ್ನಿನ ಡ್ರಿಲ್ಲಿಂಗ್ ಯಂತ್ರ, ಕಾಗದದ ಮೇಲೆ 2.20 ಮೀಟರ್. ಫೋರ್ಕ್‌ಲಿಫ್ಟ್ ಅದನ್ನು ಎತ್ತಿಕೊಂಡು ಬಾಗಿಲಿನ ಬಳಿ ಬಂದರೆ ಐಬೋಲ್ಟು ಮೇಲಿನ ಚೌಕಟ್ಟಿಗೆ ಠಣ್ಣನೆ ಬಡಿಯಿತು. ಬೋಲ್ಟು ಬಿಚ್ಚಿದೆವು, ಇನ್ನೂ ಎರಡು ಬೆರಳು ಹೆಚ್ಚು. ಇಂಡಿ ತಾಲ್ಲೂಕಿನ ಮೇಸ್ತ್ರಿ ಬೀಡಿ ಆರಿಸಿ, ‘ಸಾಹೇಬರೇ, ಮನುಷ್ಯನಾದರೆ ತಲೆ ಬಗ್ಗಿಸು ಅನ್ನಬಹುದು, ಇದಕ್ಕೆ ಏನು ಹೇಳಲಿ?’ ಎಂದ. ಕೊನೆಗೆ ಯಂತ್ರವನ್ನು ಇಳಿಸಿ, ಅಡಿಯ ದಿಮ್ಮಿಗಳನ್ನು ಬಿಚ್ಚಿ, ಗರಗಸ ತಂದು ಕೊಯ್ದು ತೆಳ್ಳಗೆ ಮಾಡಿ ಮತ್ತೆ ಕೂರಿಸುವ ಹೊತ್ತಿಗೆ ಬೆಳಗಿನ ನಾಲ್ಕು ಗಂಟೆ. ಬಂದರಿನ ಗೇಟಿನ ಗಡುವು ಮುಗಿದಿತ್ತು, ಹಡಗು ತಪ್ಪಿತು. ಅಂದಿನಿಂದ ಟೇಪು ನನ್ನ ಚೀಲದಲ್ಲೇ ಇರುತ್ತದೆ.

ಆದ್ದರಿಂದ ಪ್ರೆಸ್ಸನ್ನು ದಿಮ್ಮಿಯ ಮೇಲೆ ಕೂರಿಸಿ, ಪ್ಯಾಕಿಂಗ್ ಸಹಿತ ಉದ್ದ, ಅಗಲ, ಎತ್ತರವನ್ನು ನೀವೇ ಅಳೆಯಿರಿ. ನಿಮ್ಮದು 14 ಟನ್. ಇಷ್ಟು ಭಾರವನ್ನು ಮುಚ್ಚಿದ ಕಂಟೇನರಿನ ಬಾಗಿಲಿನಿಂದ ಒಳಕ್ಕೆ ತಳ್ಳಲು ದೊಡ್ಡ ಫೋರ್ಕ್‌ಲಿಫ್ಟ್ ಅಥವಾ ರೋಲರುಗಳ ಸಾಹಸ ಬೇಕು. ನಾನಾದರೆ ಅಗಲ 2.2 ಮೀಟರಿನೊಳಗಿದ್ದರೆ ಕಣ್ಣು ಮುಚ್ಚಿ ಓಪನ್-ಟಾಪ್ ಕೇಳುತ್ತೇನೆ: ಮಾಡು ತಾಡಪತ್ರಿಯದು, ಕ್ರೇನಿನಿಂದ ಮೇಲಿನಿಂದಲೇ ಇಳಿಸಬಹುದು. ಅಗಲ ಹೆಚ್ಚಾದರೆ ಪಕ್ಕದ ಗೋಡೆ, ಮಾಡು ಎರಡೂ ಇಲ್ಲದ ಫ್ಲ್ಯಾಟ್-ರ‍್ಯಾಕ್. ಅದರಲ್ಲಿ ಸರಕು ಆಚೀಚೆ ಚಾಚಿಕೊಂಡರೆ ಪಕ್ಕದಲ್ಲಿ ಖಾಲಿ ಬಿಡಬೇಕಾದ ಜಾಗದ ಬಾಡಿಗೆಯನ್ನೂ ಹಡಗಿನವರು ನಿಮ್ಮಿಂದಲೇ ವಸೂಲು ಮಾಡುತ್ತಾರೆ. ಹತ್ತು ಸೆಂಟಿಮೀಟರ್ ಚಾಚಿದ ಪೈಪನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಇಟ್ಟರೆ ಎಷ್ಟೋ ಉಳಿಯುತ್ತದೆ. ಕಂಟೇನರಿಗೇ ಒಗ್ಗದ ದೈತ್ಯ ಯಂತ್ರಗಳು ಮುಂಬೈ ಬಂದರಿನ ಇಂದಿರಾ ಡಾಕಿನಿಂದ ಬಿಡಿ ಸರಕಾಗಿ ಹೋಗುತ್ತವೆ. ನಿಮಗೆ ಅದು ಬೇಕಾಗದು.

ಇನ್ನು ಕಟ್ಟುವುದು. ಇದರಲ್ಲಿ ಜಿಪುಣತನ ಮಾಡಬೇಡಿ. ಸಮುದ್ರ ಬಹಳ ಒರಟಾಗಿರುವಾಗ ಹಡಗು ಹೊರಳಿದರೆ ಸರಕಿನ ತೂಕದ 0.8 ಪಾಲಿನಷ್ಟು ಬಲ ಪಕ್ಕಕ್ಕೆ ಬೀಳುತ್ತದೆ ಎಂದು ಸಿಟಿಯು ಕೋಡ್ ಎಂಬ ಅಂತರರಾಷ್ಟ್ರೀಯ ಕೈಪಿಡಿ ಲೆಕ್ಕ ಹಿಡಿಯುತ್ತದೆ. ನಿಮ್ಮ ಪ್ರೆಸ್ಸಿಗೆ ಅದು ಹನ್ನೊಂದು ಟನ್ನಿಗೂ ಮೇಲಾಯಿತು. ಅಷ್ಟು ದೂರ ಯಾಕೆ, ಖಂಡಾಳಾ ಘಾಟಿನ ಇಳಿಜಾರಿನಲ್ಲಿ ಚಾಲಕ ಗಕ್ಕನೆ ಬ್ರೇಕ್ ಒತ್ತಿದರೂ ಮುಂದಕ್ಕೆ ಅಷ್ಟೇ ಬಲ. ಪ್ರೆಸ್ಸು ಎತ್ತರ ಹೆಚ್ಚು, ಬುಡ ಚಿಕ್ಕದು. ಜಾರುವುದಕ್ಕಿಂತ ಮಗುಚುವ ಭಯ ದೊಡ್ಡದು. ಸರಪಳಿ, ಅದನ್ನು ಬಿಗಿಸುವ ಟರ್ನ್‌ಬಕಲ್, ನಾಲ್ಕೂ ಕಡೆ ಮರದ ತಡೆ, ಇಷ್ಟೂ ಬೇಕು. ಕಂಟೇನರಿನ ನೆಲ ಬರೀ ಪ್ಲೈವುಡ್, ಅದರಡಿ ಅಡ್ಡ ಉಕ್ಕಿನ ತೊಲೆಗಳು. ಆದ್ದರಿಂದ ಉದ್ದುದ್ದಕ್ಕೆ ತೊಲೆ ಹಾಕಿ ಭಾರವನ್ನು ಹಲವು ಅಡ್ಡತೊಲೆಗಳಿಗೆ ಹಂಚಬೇಕು, ಯಂತ್ರ ನಟ್ಟನಡುವೆ ಕೂರಬೇಕು. ಕಟ್ಟಿದ ಮೇಲೆ ಫೋಟೋ ತೆಗೆದಿಡಿ, ಪ್ರತಿ ಮೂಲೆಯದೂ. ಪ್ಯಾಕಿಂಗ್ ಸಾಲದೆ ಆದ ಹಾನಿಗೆ ಅತಿ ವ್ಯಾಪಕವಾದ ‘ಎ’ ವರ್ಗದ ಸರಕು ವಿಮೆಯಲ್ಲೂ ಪರಿಹಾರವಿಲ್ಲ; ಆಗ ಆ ಫೋಟೋಗಳೇ ನಿಮ್ಮ ಸಾಕ್ಷಿ.

ಬಳಸುವ ಮರಕ್ಕೆಲ್ಲ ಐಎಸ್‌ಪಿಎಂ-15 ಮುದ್ರೆ ಬೇಕು; ಮರದ ಮೂಲಕ ಕೀಟ ದೇಶ ದಾಟದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮ ಅದು. ಮರದ ಒಡಲು 56 ಡಿಗ್ರಿಯಲ್ಲಿ 30 ನಿಮಿಷ ಬೆಂದಿದೆ ಎಂಬುದಕ್ಕೆ ‘ಎಚ್‌ಟಿ’ ಗುರುತು. ಪೆಟ್ಟಿಗೆಗೆ ಮುದ್ರೆ ಹಾಕಿಸಿ, ಕೊನೆಯ ಗಳಿಗೆಯಲ್ಲಿ ತಡೆಗೆಂದು ಗೋದಾಮಿನ ಹಳೆಯ ಹಲಗೆ ತುರುಕುವವರನ್ನು ನೋಡಿದ್ದೇನೆ. ಸಿಕ್ಕಿಬೀಳುವುದು ಅದೇ ಹಲಗೆ.

ತುಕ್ಕಿನ ವಿಷಯ: ಮಳೆಗಾಲದಲ್ಲಿ ಕಳುಹಿಸುವುದಾದರೆ ರ‍್ಯಾಮು, ಗೈಡುಗಳಿಗೆ ದಪ್ಪ ಗ್ರೀಸ್, ಮೇಲೆ ತುಕ್ಕು ತಡೆಯುವ ವಿಸಿಐ ಹಾಳೆ, ಒಳಗೆ ತೇವ ಹೀರುವ ಚೀಲಗಳು. ತಾಡಪತ್ರಿಯನ್ನು ನಂಬಬೇಡಿ. ಟ್ಯಾಂಕಿನ ಎಣ್ಣೆ ಖಾಲಿ ಮಾಡಿ. ಪ್ರೆಸ್ಸಿನಲ್ಲಿ ಎಣ್ಣೆಯ ಒತ್ತಡ ಕಾಯ್ದಿಡುವ, ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ ಇದ್ದರೆ ಮೊದಲೇ ಹೇಳಿ: ಒತ್ತಡದಲ್ಲಿರುವ ಅಂಥ ವಸ್ತುವಿಗೆ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಯುಎನ್ 3164 ಎಂಬ ಸಂಖ್ಯೆಯೇ ಇದೆ. ಒತ್ತಡ ಇಳಿಸಿ, ಇಳಿಸಿದ್ದಕ್ಕೆ ಪತ್ರ ಬರೆದಿಟ್ಟರೆ ನಿಮ್ಮ ಕೆಲಸ ಹಗುರ.

ಕಾಗದಪತ್ರ ಹೆದರುವಂಥದ್ದಲ್ಲ. ಐಇಸಿ (ಆಮದು-ರಫ್ತುದಾರರ ಸಂಕೇತ ಸಂಖ್ಯೆ), ರಫ್ತಿನ ಹಣ ಬರುವ ಬ್ಯಾಂಕಿನ ಎಡಿ ಕೋಡನ್ನು ಕಸ್ಟಮ್ಸಿನಲ್ಲಿ ಮಾಡಿಸಿದ ನೋಂದಣಿ, ಜಿಎಸ್‌ಟಿಗೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ), ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ನಿಮ್ಮ ಕೈಯಲ್ಲಿರಲಿ. ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಕೊಡುವ ರಫ್ತು ಘೋಷಣೆ) ಸಲ್ಲಿಸುವುದು ಕಸ್ಟಮ್ಸ್ ಬ್ರೋಕರ್ ಕೆಲಸ. ಒಟ್ಟು ತೂಕವನ್ನು ಮಾತ್ರ ಅಂದಾಜಿನಲ್ಲಿ ಹೇಳಬೇಡಿ. 2016ರ ಜುಲೈ 1ರಿಂದ ಪ್ರತಿ ತುಂಬಿದ ಕಂಟೇನರಿಗೂ ಪರಿಶೀಲಿಸಿದ ತೂಕ, ಅಂದರೆ ವಿಜಿಎಂ, ಕೊಡದೆ ಹಡಗು ಹತ್ತಿಸುವಂತಿಲ್ಲ. ಸರಪಳಿ, ಮರವೆಲ್ಲ ಅದರಲ್ಲಿ ಸೇರಬೇಕು. ಕೀನ್ಯಾದ ಗುಣಮಟ್ಟ ಸಂಸ್ಥೆಯ ಪಿವಿಒಸಿ ಪ್ರಮಾಣಪತ್ರ ಈ ಯಂತ್ರಕ್ಕೆ ಬೇಕೇ ಎಂದು ಕೊಂಡವರನ್ನು ಇವತ್ತೇ ಕೇಳಿ. ಅದರ ತಪಾಸಣೆ ಸರಕು ಇಲ್ಲಿಂದ ಹೊರಡುವ ಮೊದಲೇ ಆಗಬೇಕು. ಪೆಟ್ಟಿಗೆ ಮೊಳೆ ಹೊಡೆದ ಮೇಲೆ ನೆನಪಾದರೆ ಮತ್ತೆ ಬಿಚ್ಚಬೇಕಾಗುತ್ತದೆ.

ಎಫ್‌ಒಬಿ ಬಗ್ಗೆ ನನಗೊಂದು ತಕರಾರಿದೆ. ಕಂಟೇನರನ್ನು ನೀವು ಬಂದರಿನ ಗೇಟಿನಲ್ಲಿ ಒಪ್ಪಿಸಿ ಮನೆಗೆ ಬರುತ್ತೀರಿ, ಆದರೆ ಎಫ್‌ಒಬಿಯಲ್ಲಿ ಅದು ಹಡಗಿನ ಮೇಲೆ ಕೂರುವವರೆಗೆ ಹೊಣೆ ನಿಮ್ಮದೇ. ಯಾರ್ಡಿನಲ್ಲಿ ಮೂರು ದಿನ ನಿಂತಾಗ ಏನಾದರೂ ಆದರೆ ನಷ್ಟ ನಿಮ್ಮದು. ಕಂಟೇನರ್ ಸರಕಿಗೆ ಎಫ್‌ಸಿಎ ಸರಿಯಾದ ಷರತ್ತು: ಸಾಗಣೆದಾರನಿಗೆ ಒಪ್ಪಿಸಿದಲ್ಲಿಗೆ ನಿಮ್ಮ ಹೊಣೆ ಮುಗಿಯುತ್ತದೆ. ಕೇಳಿ ನೋಡಿ, ಬಹಳ ಮಂದಿ ಒಪ್ಪುತ್ತಾರೆ. ಒಪ್ಪದಿದ್ದರೆ ಕಾರ್ಖಾನೆಯಿಂದ ಹಡಗಿನವರೆಗಿನ ವಿಮೆಯನ್ನು ನೀವು ಮಾಡಿಸಿ, ಮುಂದಿನದನ್ನು ಕೊಂಡವರು ಮಾಡಿಸಲಿ. ವಿಮೆಯಿಲ್ಲದೆ ಮಾತ್ರ ಬೇಡ. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನಲ್ಲಿ ಸರಕಿಗೆ ಏನೂ ಆಗದವರೂ ‘ಜನರಲ್ ಆವರೇಜ್’ ಎಂಬ ಹಳೆಯ ಕಡಲ ನಿಯಮದಂತೆ ಬಿಡುಗಡೆಯ ವೆಚ್ಚದಲ್ಲಿ ತಮ್ಮ ಪಾಲಿಗೆ ಭದ್ರತೆ (ಠೇವಣಿ ಅಥವಾ ಖಾತರಿ) ಕೊಟ್ಟೇ ಮಾಲು ಬಿಡಿಸಿಕೊಳ್ಳಬೇಕಾಯಿತು. ವಿಮೆ ಇದ್ದವರ ಪರವಾಗಿ ಆ ಭದ್ರತೆಯನ್ನು ವಿಮಾ ಕಂಪನಿ ಕೊಡುತ್ತದೆ.

ಈಗ ದರಕ್ಕೆ ಬರೋಣ. ಮೂರು ಅಳತೆ, ವೇಬ್ರಿಡ್ಜ್ ಚೀಟಿ, ಎತ್ತುವ ಜಾಗ ಕಾಣುವ ಎರಡು ಫೋಟೋ, ಅಕ್ಯುಮುಲೇಟರ್ ಇದೆಯೋ ಇಲ್ಲವೋ ಎಂಬ ಒಂದು ಸಾಲು, ಇಷ್ಟನ್ನು ಸಾಗಣೆಯ ಏರ್ಪಾಡು ಮಾಡುವ ಮೂರು ಫಾರ್ವರ್ಡರುಗಳಿಗೆ ಒಂದೇ ದಿನ ಕಳುಹಿಸಿ. ಸರಪಳಿ ಕಟ್ಟುವ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಲು ಹೇಳಿ. ಆ ಸಾಲೇ ಇಲ್ಲದ ಅಗ್ಗದ ದರ ಬಂದರೆ, ಕಟ್ಟುವವರು ಯಾರು ಎಂದು ಫೋನ್ ಮಾಡಿ ಕೇಳಿ.