ಗೇಮ್ ಕನ್ಸೋಲ್ ಕೊಡಿಸುವ ಮುನ್ನ: ಶಿರಸಿ ಕಡೆಯ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿ ಸಲಹೆ ಕೇಳಿ ಬಂದದ್ದು ಶಿರಸಿ ಸಮೀಪದ ಅಡಿಕೆ ತೋಟದ ಕುಟುಂಬ. ಮಗನಿಗೆ 11, ಮಗಳಿಗೆ 7 ವರ್ಷ. ಮಾಣಿ (ಹುಡುಗ) ಅಪ್ಪಯ್ಯನ ಮೊಬೈಲಿನಲ್ಲಿ ಆನ್‌ಲೈನ್ ಶೂಟಿಂಗ್ ಗೇಮ್ ಆಡುತ್ತಾನೆ. ಊಟಕ್ಕೆ ಕರೆದರೆ ಏಳುವುದಿಲ್ಲ, ಕಸಿದುಕೊಂಡರೆ ರಂಪ. ಈಗ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎಂಬ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಮತ್ತು ಜಿಟಿಎ 5 ಎಂಬ ಆಟ ಬೇಕೆಂಬ ಹಟ. “ಎಲ್ಲರ ಮನೇಲೂ ಇದ್ದು, ನಮ್ಮನೇಲಿ ಮಾತ್ರ ಇಲ್ಲೆ.” ಪರೀಕ್ಷೆಯಲ್ಲಿ ಶೇ. 90 ತೆಗೆದರೆ ಕೊಡಿಸುವೆನೆಂದು ತಂದೆ ಮಾತು ಕೊಟ್ಟಾಗಿತ್ತು. ತಾಯಿಯ ಆತಂಕ ಬೇರೆ: ಇದು ಚಟವೇ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 (2022ರ ಜನವರಿಯಿಂದ ಜಾರಿ) ಗೇಮಿಂಗ್ ವ್ಯಾಧಿಗೆ ಮೂರು ಲಕ್ಷಣ ಹೇಳುತ್ತದೆ: ಆಟದ ಮೇಲೆ ಹಿಡಿತ ತಪ್ಪುವುದು, ಮಿಕ್ಕೆಲ್ಲಕ್ಕಿಂತ ಆಟವೇ ದೊಡ್ಡದಾಗುವುದು, ಹಾನಿ ಕಂಡರೂ ಬಿಡದಿರುವುದು. ಇವು ಸಾಮಾನ್ಯವಾಗಿ 12 ತಿಂಗಳು ಇದ್ದು ಓದು, ಸಂಬಂಧಗಳು ಕೆಟ್ಟಿರಬೇಕು. ಈ ಹುಡುಗ ಶಾಲೆ ತಪ್ಪಿಸಿಲ್ಲ, ಸಂಜೆ ಕ್ರಿಕೆಟ್ ಬಿಟ್ಟಿಲ್ಲ, ನಿದ್ದೆಯೂ ಸರಿಯಿದೆ. ರಂಪದ ಮೂಲ ಆಟದ ರಚನೆಯಲ್ಲೇ ಇತ್ತು. ಆನ್‌ಲೈನ್ ಪಂದ್ಯವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಎದ್ದರೆ ತಂಡದವರು ಬೈಯುತ್ತಾರೆ. ಅವನ “ಇನ್ನೊಂದೈದು ನಿಮಿಷ” ಪೂರ್ತಿ ಸುಳ್ಳಲ್ಲ.

ಆದ್ದರಿಂದ ಆಟ ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಎಲ್ಲಿ ಮುಗಿಯುತ್ತದೆ ಎಂಬುದನ್ನು. ಪೊಟ್ಟಣದ ಮೇಲಿನ ವಯಸ್ಸಿನ ಗುರುತು ಆಮೇಲೆ. ಜಿಟಿಎ 5ಕ್ಕೆ ಯುರೋಪಿನ ಪೆಗಿ ಗುರುತು 18; ಅಲ್ಲಿಗೆ ಚರ್ಚೆ ಮುಗಿಯಿತು. ಆದರೆ ಚಿಕ್ಕ ಸಂಖ್ಯೆ ಕಂಡಕೂಡಲೇ ನಿಶ್ಚಿಂತೆ ಬೇಡ. ಇಎ ಸ್ಪೋರ್ಟ್ಸ್ ಎಫ್‌ಸಿ 24 ಎಂಬ ಫುಟ್‌ಬಾಲ್ ಆಟಕ್ಕೆ ಪೆಗಿ 3 ಇದೆ. ಹಾಗಿದ್ದೂ ಒಳಗೆ ಏನಿದೆಯೆಂದು ತಿಳಿಯದ ಪ್ಯಾಕ್‌ಗಳನ್ನು ದುಡ್ಡಿಗೆ ಮಾರುತ್ತಾರೆ.

ಸೀರೀಸ್ ಎಸ್ ಬೇಡವೆಂದೆವು. ಯಂತ್ರ ಕೆಟ್ಟದ್ದಲ್ಲ, ಈ ಮನೆಗೆ ಹೊಂದದು. ಅದಕ್ಕೆ ಡಿಸ್ಕ್ ಹಾಕುವ ಜಾಗವಿಲ್ಲ, ಪ್ರತಿ ಆಟವನ್ನೂ ಡೌನ್‌ಲೋಡ್ ಮಾಡಬೇಕು. ಈ ಮನೆಗೆ ಫೈಬರ್ ಬಂದಿಲ್ಲ. 100 ಜಿಬಿಯ ಆಟ ಇಳಿಯಲು 10 ಎಂಬಿಪಿಎಸ್ ವೇಗದಲ್ಲಿ 22 ತಾಸು ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನ್ ಆದರೆ 50 ದಿನ. ಸೋನಿಯ ಕನ್ಸೋಲ್ ಪಿಎಸ್5ರ ಡಿಸ್ಕ್ ಮಾದರಿಗೆ ಇಲ್ಲಿ ಅಧಿಕೃತ ವಾರಂಟಿಯಿದೆ, ಆದರೆ ಬ್ಯಾಟರಿ ಇಲ್ಲ. ಮಳೆಗಾಲದಲ್ಲಿ ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು.

ಉಳಿದದ್ದು ನಿಂಟೆಂಡೊ ಸ್ವಿಚ್. ಕಾರ್ಟ್ರಿಜ್ (ಆಟ ತುಂಬಿದ ಪುಟ್ಟ ಕಾರ್ಡ್) ಹಾಕಿದರೆ ಹೆಚ್ಚಿನ ಆಟಗಳು ನೇರ ಓಡುತ್ತವೆ, ಕರೆಂಟ್ ಹೋದರೂ ಬ್ಯಾಟರಿ ಇದೆ. ತೊಡಕೂ ಇದೆ: ಭಾರತದಲ್ಲಿ ಅಧಿಕೃತ ಮಾರಾಟವಿಲ್ಲದ್ದರಿಂದ ಅಂಗಡಿಯವರೇ ಬಿಲ್ಲಿನ ಮೇಲೆ ವಾರಂಟಿ ಬರೆದುಕೊಡಬೇಕು. ಜಾಯ್‌ಕಾನ್ (ಕೈಯಲ್ಲಿ ಹಿಡಿಯುವ ನಿಯಂತ್ರಕ) ಕಡ್ಡಿಯನ್ನು ಮುಟ್ಟದೆಯೇ ಪರದೆಯ ಮೇಲೆ ಆಟ ಸರಿಯುವ ದೋಷ ಇದರಲ್ಲಿ ಸಾಮಾನ್ಯ. ರಿಪೇರಿಯ ಮಾತನ್ನು ಮೊದಲೇ ಆಡಿಕೊಳ್ಳಿ ಎಂದೆವು. ಮೊದಲ ಆಟ ಮಾರಿಯೊ ಕಾರ್ಟ್ 8 ಡಿಲಕ್ಸ್. ಒಂದು ರೇಸ್ ಮೂರು ನಿಮಿಷದ ಆಸುಪಾಸು. ‘ಸ್ಮಾರ್ಟ್ ಸ್ಟೀರಿಂಗ್’ ಹಾಕಿದರೆ ಗಾಡಿ ರಸ್ತೆ ಬಿಟ್ಟು ಹೋಗದು, ತಂಗಿಯೂ ಅಣ್ಣನ ಜೊತೆ ಆಡಬಹುದು.

ಯಂತ್ರ ಜಗಲಿಯ ಟಿವಿಗೆ, ಅಜ್ಜ ಕೂರುವಲ್ಲಿ. ಮೆತ್ತಿನ (ಮಹಡಿಯ) ಕೋಣೆಗೆ ಬೇಡ. ಗುಡುಗು ಶುರುವಾದರೆ ಪ್ಲಗ್, ಎಚ್‌ಡಿಎಂಐ ವೈರ್ ಎರಡನ್ನೂ ಕಿತ್ತಿಡಿ. ಕಾರ್ಟ್ರಿಜ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಟ್ಟರೆ ಆಷಾಢದ ತೇವ ತಾಗದು. ಶಾಲೆಯ ದಿನ 40 ನಿಮಿಷ, ಶನಿವಾರ ಭಾನುವಾರ ಒಂದೂವರೆ ತಾಸು. ಅದೂ “ಇನ್ನು ಎರಡು ರೇಸ್” ಎಂಬ ಲೆಕ್ಕದಲ್ಲಿ ಮುಗಿಸುವುದು. ಫೋನಿನ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್‌ನಲ್ಲಿ ಹಾಕುವ ಸಮಯಮಿತಿ ಇಡೀ ಯಂತ್ರಕ್ಕೆ, ಮಗುವಿಗೊಂದರಂತೆ ಅಲ್ಲ. ಅಣ್ಣ ಪೂರ್ತಿ ಬಳಸಿದರೆ ತಂಗಿಗೆ ಉಳಿಯದು. ಅವಧಿ ಮುಗಿದಾಗ ಆಟವನ್ನೇ ತಡೆಯುವ ಆಯ್ಕೆಯನ್ನು ಮೊದಲ ತಿಂಗಳು ಹಾಕಬೇಡಿ, ಅಲಾರಂ ಸಾಕು. ರೇಸಿನ ನಡುವೆ ಪರದೆ ನಿಂತರೆ ಹಳೇ ರಂಪವೇ ಮರಳುತ್ತದೆ.

ಅಂಕಕ್ಕೆ ಕಟ್ಟಿದ ಮಾತನ್ನು ತಂದೆ ಹಿಂಪಡೆಯಬೇಕಾಯಿತು. ಶೇ. 88 ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಈಗ ಕನ್ಸೋಲ್ ಬರುವುದು ಮಕ್ಕಳಿಬ್ಬರಿಗೂ ಸೇರಿ, ಫಲಿತಾಂಶಕ್ಕೆ ಕಾಯದೆ. ಅದು ಬಂದ ದಿನವೇ ಮೊಬೈಲಿನ ಶೂಟಿಂಗ್ ಗೇಮ್ ತೆಗೆಯುವುದು, ಯುಪಿಐ ಪಿನ್ ಬದಲಿಸುವುದು, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡುವುದು. ಮಾಣಿ ಮೊದಲೆರಡಕ್ಕೆ ಅಡ್ಡಿಲ್ಲ ಎಂದ. ಮೂರನೆಯದಕ್ಕೆ ಮುಖ ಗಂಟಿಕ್ಕಿದ್ದು ಕಂಡು, ಹಿಂದಿನ ಖರೀದಿಗಳ ಪಟ್ಟಿಯನ್ನು ಪ್ಲೇ ಸ್ಟೋರ್‌ನಲ್ಲಿ ತೆರೆದು ನೋಡಲು ತಂದೆಗೆ ಹೇಳಿದ್ದೇವೆ.