ಲೀಡರ್ ಹುಟ್ಟಿಯೇ ಬರ್ತಾನೆ ಅನ್ನುವವರಿಗೆ

ಪೀಣ್ಯದಿಂದ ಬಂದ ಪತ್ರ ಇದು. ಬರೆದವರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಮೆಷಿನ್ ಶಾಪಿನಲ್ಲಿದ್ದು ನಿವೃತ್ತರಾದವರು, ಯೂನಿಯನ್ ಕಮಿಟಿಯಲ್ಲೂ ಇದ್ದವರು. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ನನ್ನ ತಮ್ಮನ ಮಗಳು ಬಿಕಾಂ ಮುಗಿಸಿ ಒಂದು ಗಾರ್ಮೆಂಟ್ಸ್ ಯೂನಿಯನ್ನಿನಲ್ಲಿ ಸಂಘಟಕಿ ಟ್ರೈನಿ ಅಂತ ಸೇರಿದ್ದಾಳೆ. ಮೊದಲ ಆರು ತಿಂಗಳು ಫ್ಯಾಕ್ಟರಿಯ ಹೊಲಿಗೆ ಲೈನಿನಲ್ಲಿ ದುಡಿಯಬೇಕಂತೆ. ಆಮೇಲೆ ಆರು ತಿಂಗಳು ಹಿರಿಯ ಸಂಘಟಕಿಯ ಹಿಂದೆ ಓಡಾಡಬೇಕಂತೆ, ಅದಕ್ಕೆ ಸ್ಟೈಪೆಂಡ್ ಬೇರೆ. ಸಂಘಟಕರನ್ನು ಐಟಿಐ ಹುಡುಗರ ಹಾಗೆ ಟ್ರೈನಿಂಗ್ ಕೊಟ್ಟು ತಯಾರು ಮಾಡೋದು ಅಂದರೇನು? 1980-81ರ ಮುಷ್ಕರದಲ್ಲಿ ನಮಗೆ ಯಾರು ಪಾಠ ಹೇಳಿದ್ದರು? 2016ರಲ್ಲಿ ಪಿಎಫ್ ವಿಚಾರಕ್ಕೆ ಬೀದಿಗೆ ಬಂದ ಹೆಂಗಸರಿಗೆ ಯಾವ ಟ್ರೈನಿ ಕರೆ ಕೊಟ್ಟಿದ್ದ? ಹೋರಾಟವೇ ಶಾಲೆ. ಲೀಡರ್ ಹುಟ್ಟಿ ಬರ್ತಾನೆ. ನೀವೇನು ಹೇಳುತ್ತೀರಿ?"

ಸ್ವಾಮಿ, ನಿಮ್ಮ ಪತ್ರ ಎರಡು ಸಲ ಓದಿದೆ. ಅಕ್ಷರ ಎಷ್ಟು ಚೆನ್ನಾಗಿದೆ ಅಂದರೆ, ಬೇಡಿಕೆ ಪಟ್ಟಿ ಬರೆದು ಬರೆದು ಪಳಗಿದ ಕೈ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಆದರೆ ಆ ಕೈ ಹುಟ್ಟುವಾಗಲೇ ಹಾಗಿತ್ತಾ? ಬೇಡಿಕೆ ಪಟ್ಟಿ ಬರೆಯೋದನ್ನ ನಿಮಗೆ ಯಾರೋ ಕೂರಿಸಿಕೊಂಡು ಹೇಳಿಕೊಟ್ಟಿರಬೇಕಲ್ಲ.

ಮೊದಲು ನಿಮ್ಮ ಮಾತಿಗೆ ಸಲ್ಲಬೇಕಾದ್ದು ಸಲ್ಲಲಿ. ಎದೆಯಲ್ಲಿ ಕಿಚ್ಚಿಲ್ಲದವರಿಗೆ ವರ್ಷ ಪೂರ್ತಿ ಟ್ರೈನಿಂಗ್ ಕೊಟ್ಟರೂ ಏನೂ ಆಗಲ್ಲ, ಒಪ್ಪಿದೆ. ಸಂಘಟನೆ ಅನ್ನೋದು ಪ್ರಾಜೆಕ್ಟ್ ಆಗಿ, ರಿಪೋರ್ಟ್ ಬರೆಯೋದೇ ಕೆಲಸ ಆಗಿಬಿಡುವ ಅಪಾಯವೂ ಇದೆ. ಆಯ್ತಾ? ಇನ್ನು ನನ್ನ ಸರದಿ.

1980ರ ಡಿಸೆಂಬರ್‌ನಲ್ಲಿ ಶುರುವಾದ ಸಾರ್ವಜನಿಕ ವಲಯದ ಮುಷ್ಕರ 77 ದಿನ ನಡೆಯಿತು. ಎಚ್‌ಎಎಲ್, ಬಿಇಎಲ್, ಟೆಲಿಫೋನ್ ಕಾರ್ಖಾನೆ ಐಟಿಐ, ಎಚ್‌ಎಂಟಿ, ಬಿಇಎಂಎಲ್ ಎಲ್ಲ ಒಟ್ಟಿಗೆ ನಿಂತವು. ಕೊನೆಗೆ ಕೈಗೆ ಹತ್ತಿದ್ದು ಕಡಿಮೆ, ಅದು ಬೇರೆ ಕಥೆ. ಆದರೆ ಅಷ್ಟು ದಿನ ಸಂಬಳವಿಲ್ಲದೆ ಜನ ಹೇಗೆ ಒಟ್ಟಿಗಿದ್ದರು ಅಂತ ಯೋಚನೆ ಮಾಡಿ. ನಿಮಗೆ ಕಂಪನಿ ಕಾಲೊನಿ ಇತ್ತು. ಫ್ಯಾಕ್ಟರಿ ಬಸ್ ಇತ್ತು, ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ, ಅದೇ ಮುಖಗಳು, ಅದೇ ಮಾತು. ಕ್ಯಾಂಟೀನ್ ಇತ್ತು, ಕನ್ನಡ ಸಂಘ ಇತ್ತು, ನಾಟಕದ ತಂಡ ಇತ್ತು. ಅಪ್ರೆಂಟಿಸ್ ಆಗಿ ಒಳಗೆ ಬಂದ ಹುಡುಗ ಪರ್ಮನೆಂಟ್ ಆಗಿ, ಕಮಿಟಿ ಚುನಾವಣೆಗೆ ನಿಲ್ಲುವಷ್ಟರಲ್ಲಿ ಹತ್ತು ವರ್ಷ ಹಿರಿಯರ ಪಕ್ಕ ಕೂತು ಎಲ್ಲ ನೋಡಿರುತ್ತಿದ್ದ. ಮ್ಯಾನೇಜ್‌ಮೆಂಟಿನಿಂದ ಚಾರ್ಜ್‌ಶೀಟ್ ಬಂದರೆ ಏನು ಉತ್ತರ ಕೊಡಬೇಕು, ಯಾವ ಫೋರ್‌ಮನ್ ಹತ್ತಿರ ಗಟ್ಟಿಯಾಗಿ ಮಾತಾಡಬೇಕು, ಯಾರ ಹತ್ತಿರ ನಗುತ್ತಾ ಕೆಲಸ ಮಾಡಿಸಿಕೊಳ್ಳಬೇಕು, ಎಲ್ಲಾನೂ. ಇದು ಟ್ರೈನಿಂಗ್ ಅಲ್ವಾ? ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ ಅಷ್ಟೆ.

ಆ ಶಾಲೆ ಮುಚ್ಚಿದೆ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆ ಕಡೆ ಒಂದು ಸಲ ಹೋಗಿ ಬನ್ನಿ, ನಿಮ್ಮ ಮನೆಗೆ ಹತ್ತಿರವೇ.

ಈಗ ನಿಮ್ಮ ತಮ್ಮನ ಮಗಳು ಹೋಗಿರುವ ಜಾಗ ನೋಡಿ. ಗಾರ್ಮೆಂಟ್ಸ್ ಲೈನಿನಲ್ಲಿ ಪಕ್ಕದ ಮೆಷಿನ್ನಿನವಳ ಹೆಸರು ತಿಳಿಯೋಕೂ ದಿನಗಳು ಬೇಕು. ಗಂಟೆಗೊಮ್ಮೆ ಬೋರ್ಡಿನ ಮೇಲೆ ಟಾರ್ಗೆಟ್ ಬರೆಯುತ್ತಾರೆ. ಶೌಚಾಲಯಕ್ಕೆ ಹೋಗಿ ಬರೋಕೆ ಎಷ್ಟು ಹೊತ್ತಾಯಿತು ಅಂತ ಸೂಪರ್‌ವೈಸರ್ ಕೇಳುತ್ತಾನೆ. ಊಟ ಅರ್ಧ ಗಂಟೆ, ಅದರಲ್ಲಿ ಹತ್ತು ನಿಮಿಷ ಕೈ ತೊಳೆಯುವ ಸಾಲಿನಲ್ಲೇ ಹೋಗುತ್ತದೆ. ಒಡಿಶಾದಿಂದ, ಜಾರ್ಖಂಡ್‌ನಿಂದ ಬಂದ ಹುಡುಗಿಯರು ಹಾಸ್ಟೆಲ್‌ನಲ್ಲಿರುತ್ತಾರೆ, ಅವರ ಜತೆ ಮಾತಾಡೋಕೆ ಹಿಂದಿ ಬೇಕು, ಒಡಿಯಾ ಬಂದರೆ ಇನ್ನೂ ಒಳ್ಳೆಯದು. ಇಲ್ಲಿ ಲೀಡರ್ ತಾನಾಗೇ ಹುಟ್ಟಿ ಬರೋದು ಯಾವಾಗ, ಊಟದ ಸಾಲಿನಲ್ಲಾ?

ಮೈಸೂರು ರಸ್ತೆ ಕಡೆಯ ಒಂದು ವಠಾರದಲ್ಲಿ ಇಂಥ ಒಬ್ಬ ಹಿರಿಯ ಸಂಘಟಕಿಯ ಕೆಲಸ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಭಾನುವಾರ ಬೆಳಿಗ್ಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತು. ಅದೇ ಹೊತ್ತು ಯಾಕೆ ಅಂದರೆ, ಆಗ ಎಲ್ಲರೂ ಹೊರಗಿರುತ್ತಾರೆ. ಆಕೆ ಹೋಗಿದ್ದು ಒಂದು ಮನೆಗೆ, ಕೂತಿದ್ದು ಹೊಸಿಲ ಮೇಲೆ. ಯೂನಿಯನ್ ಅನ್ನೋ ಮಾತೇ ಎತ್ತಲಿಲ್ಲ. "ಹೋದ ತಿಂಗಳ ಸ್ಲಿಪ್ ಇದೆಯಾ?" ಅಂದರು. ಆ ಮನೆಯಾಕೆ ಅಕ್ಕಿ ಡಬ್ಬದ ಹಿಂದಿನಿಂದ ಮಡಚಿಟ್ಟ ಪೇ ಸ್ಲಿಪ್ ತಂದಳು. ಮೂಲ ವೇತನ ಎಷ್ಟು, ಡಿಎ ಎಷ್ಟು, ಪಿಎಫ್‌ಗೆ ನೂರಕ್ಕೆ 12 ಹೋಗಿದೆಯಾ, ಇಎಸ್‌ಐಗೆ ಮುಕ್ಕಾಲು ಹೋಗಿದೆಯಾ, ರಜೆ ಎಷ್ಟು ಬರೆದಿದ್ದಾರೆ, ನಿಜವಾಗಿ ಎಷ್ಟು ಹಾಕಿದ್ದೆ. ಬೆರಳಿಟ್ಟು ಒಂದೊಂದೇ ಸಾಲು. ಎರಡು ದಿನದ ಓಟಿ ಕಾಣಿಸಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಿಂದಿಗೆ ಕೆಳಗಿಟ್ಟು "ನಂದೂ ನೋಡಕ್ಕ" ಅಂತ ಬಂದಳು. ಆಮೇಲೆ ಇನ್ನೊಬ್ಬಳು. ಸಂಘಟಕಿ ಹೆಚ್ಚಂದರೆ ಹತ್ತು ವಾಕ್ಯ ಮಾತಾಡಿರಬೇಕು. ಹೊರಡುವಾಗ ಚೀಟಿಯಲ್ಲಿ ಬರೆದುಕೊಂಡಿದ್ದು ಯಾವ ಲೈನಿನಲ್ಲಿ ಓಟಿ ಹೋಗಿದೆ, ಆ ಲೈನಿನಲ್ಲಿ ಯಾರ ಮಾತನ್ನು ಉಳಿದವರು ಕೇಳುತ್ತಾರೆ, ಇಷ್ಟೇ.

ಮಾತು ಕಡಿಮೆ ಮಾಡಿ ಕೇಳಿಸಿಕೊಳ್ಳೋದು, ಜಾಸ್ತಿ ಕೂಗಾಡುವವಳನ್ನು ಬಿಟ್ಟು ನಾಲ್ಕು ಜನ ನಂಬುವವಳನ್ನು ಹುಡುಕೋದು, ಗೇಟಿನ ಮುಂದೆ ಕರಪತ್ರ ಹಿಡಿದು ನಿಂತು ಮೊದಲ ದಿನವೇ ಕಣ್ಣಿಗೆ ಬೀಳದೆ ಇರೋದು, ಇವೆಲ್ಲ ಕೈಗೆಲಸ. ಲೇತ್ ಮೇಲೆ ನಿಮ್ಮ ಕೈ ಕೂತಿದ್ದು ಹೇಗೋ ಇದೂ ಹಾಗೇ, ಪಕ್ಕದಲ್ಲಿ ಒಬ್ಬರು ಉಸ್ತಾದರು ಬೇಕು.

ಅದಕ್ಕೇ ಆ ಮೊದಲ ಆರು ತಿಂಗಳು ನನಗೆ ಬಹಳ ಹಿಡಿಸಿತು. ನಿಮ್ಮ ಪತ್ರದ ಕೊನೆಗೆ "ಸಂಘಟಿಸಬೇಕು ಅಂತಲೇ ಕೆಲಸಕ್ಕೆ ಸೇರೋದು ಮೋಸ ಅಲ್ಲವೇ" ಅಂತಲೂ ಕೇಳಿದ್ದೀರಿ. ಏನು ಮೋಸ? ಕೂಲಿಗೆ ತಕ್ಕ ಪೀಸು ಹೊಲಿದು ಕೊಡುತ್ತಾಳೆ. ಛತ್ತೀಸ್‌ಗಢದ ಯೂನಿಯನ್ ನಾಯಕ ಶಂಕರ್ ಗುಹಾ ನಿಯೋಗಿ ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕರಾಗಿದ್ದವರು. ಅಲ್ಲಿಂದ ತೆಗೆದುಹಾಕಿದ ಮೇಲೆ ದಾನಿಟೋಲಾದ ಕಲ್ಲು ಗಣಿಯಲ್ಲಿ ಕೂಲಿ ಮಾಡಿದರು. 1977ರಲ್ಲಿ ದಲ್ಲಿ ರಾಜಹರಾದ ಗಣಿ ಕಾರ್ಮಿಕರು ಅವರನ್ನು ನಂಬಿದ್ದು ಈ ಕೂಲಿಯ ಕಾರಣಕ್ಕೆ, ಭಾಷಣಕ್ಕಲ್ಲ. ಆ ಗಣಿ ಕಾರ್ಮಿಕರ ಯೂನಿಯನ್ ಮುಂದೆ ತನ್ನದೇ ಆಸ್ಪತ್ರೆ ಕಟ್ಟಿತು. 1991ರಲ್ಲಿ ನಿಯೋಗಿಯನ್ನು ಮಲಗಿದ್ದಲ್ಲೇ ಗುಂಡಿಕ್ಕಿ ಕೊಂದರು, ಆಸ್ಪತ್ರೆ ಈಗಲೂ ಇದೆ.

ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನೇ ತಗೊಳ್ಳಿ. ಹುಟ್ಟು ನಾಯಕ ಅಂದಾಗ ಎಲ್ಲರ ಬಾಯಲ್ಲಿ ಬರೋ ಹೆಸರು. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ ಬಿಟ್ಟು ಬಂದ ಹುಡುಗ ಮೊದಲು ಮಂಗಳೂರಿನಲ್ಲಿ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರ ನಡುವೆ ಓಡಾಡಿದ. ಬಾಂಬೆಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದ. ಆಮೇಲೆ ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೋ ಅವರ ಕೈಕೆಳಗೆ ಪಳಗಿದ. 1958ರಲ್ಲಿ ಡಿಮೆಲ್ಲೋ ತೀರಿಕೊಂಡಾಗ ಭಾರ ಹೊರೋಕೆ ಒಬ್ಬ ತಯಾರಿದ್ದ. ಆ ಹುಡುಗ ಮುಂದೆ ನಡೆಸಿದ 1974ರ ರೈಲ್ವೆ ಮುಷ್ಕರ ಎಲ್ಲರಿಗೂ ನೆನಪಿದೆ, ಡಿಮೆಲ್ಲೋ ಯಾರಿಗೂ ನೆನಪಿಲ್ಲ. ನಮ್ಮ ಜನಕ್ಕೆ ಶಿಷ್ಯನ ಫೋಟೋ ಸಾಕು, ಗುರುವಿನ ವಿಳಾಸ ಬೇಡ.

ಹೊರಗಿನ ದೇಶಗಳಿಗೆ ಇದು ತಡವಾಗಿ ಹೊಳೆಯಿತು. ಬ್ರಿಟನ್ನಿನಲ್ಲಿ 1979ರಲ್ಲಿ ಸುಮಾರು 1.3 ಕೋಟಿ ಜನ ಯೂನಿಯನ್ ಸದಸ್ಯರಿದ್ದರು, 90ರ ದಶಕದ ಕೊನೆಗೆ ಅದು 80 ಲಕ್ಷದ ಒಳಗೆ ಬಂತು. ಆಗ ಅಲ್ಲಿನ ಯೂನಿಯನ್ನುಗಳ ಒಕ್ಕೂಟ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ 1998ರಲ್ಲಿ ಒಂದು ಆರ್ಗನೈಸಿಂಗ್ ಅಕಾಡೆಮಿ ತೆರೆಯಿತು. ಒಂದು ವರ್ಷ, ಸಂಬಳ ಸಮೇತ. ಮಧ್ಯೆ ಮಧ್ಯೆ ತರಗತಿ, ಉಳಿದಂತೆ ಯೂನಿಯನ್ನಿನಲ್ಲೇ ಕೆಲಸ. ಬಂದವರಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳ ಪಾಲು ದೊಡ್ಡದಿತ್ತು. ಅದಕ್ಕೂ ಮೊದಲು 1989ರಲ್ಲಿ ಅಮೆರಿಕದವರು, 1994ರಲ್ಲಿ ಆಸ್ಟ್ರೇಲಿಯಾದವರು ಇಂಥದ್ದೇ ಶುರು ಮಾಡಿದ್ದರು. ಸದಸ್ಯರ ಸಂಖ್ಯೆ ಹಳೇ ಮಟ್ಟಕ್ಕೇನೂ ಏರಲಿಲ್ಲ, ನೀವು ಅದನ್ನೇ ಹಿಡಿದು ಕೇಳುತ್ತೀರಿ ಅಂತ ಗೊತ್ತು. ಮುಚ್ಚಿಹೋದ ಗಣಿ, ಉಕ್ಕಿನ ಕಾರ್ಖಾನೆಗಳನ್ನು ಯಾವ ಅಕಾಡೆಮಿ ತೆರೆಸುತ್ತದೆ ಹೇಳಿ? ಅಷ್ಟಾದರೂ ಮಾಡದಿದ್ದರೆ ಏನಾಗುತ್ತಿತ್ತು ಅಂತಲೂ ಕೇಳಬೇಕಲ್ಲ.

ಇನ್ನು 2016. ಇದು ನಿಮ್ಮ ಗಟ್ಟಿ ಉದಾಹರಣೆ, ಹಗುರವಾಗಿ ತಳ್ಳಿಹಾಕಲ್ಲ. ಮಾಲೀಕರ ಪಾಲಿನ ಪಿಎಫ್ ಹಣ 58 ವರ್ಷ ವಯಸ್ಸಾಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯಲ್ಲಿ ಹೆಂಗಸರು ಹೊಸೂರು ರಸ್ತೆಗಿಳಿದರು. ಮರುದಿನ ಜಾಲಹಳ್ಳಿ, ಪೀಣ್ಯ, ಮೈಸೂರು ರಸ್ತೆ ಎಲ್ಲ ಕಡೆ. 19ರ ಸಂಜೆಯೊಳಗೆ ಆದೇಶ ವಾಪಸ್. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ, ನಿಜ. ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. 1930ರಲ್ಲಿ ಕೋಲಾರ ಚಿನ್ನದ ಗಣಿಯ ಜನ ಬೆರಳಚ್ಚು ಕೊಡಲ್ಲ ಅಂತ ಕೆಲಸ ನಿಲ್ಲಿಸಿದಾಗಲೂ ಅಲ್ಲಿ ಯೂನಿಯನ್ ಇರಲಿಲ್ಲ.

ಆದರೆ ಏಪ್ರಿಲ್ 20ರ ಬೆಳಿಗ್ಗೆ ಏನಾಯಿತು ಅಂತ ನೀವು ಬರೆದಿಲ್ಲ. ಬಸ್ ಸುಟ್ಟಿದ್ದು, ಕಲ್ಲು ತೂರಿದ್ದು ಅಂತ ಪೊಲೀಸರು ಕೇಸು ಹಾಕುತ್ತಾ ಹೋದರು. ಹೆಂಗಸರು ಅದೇ ಮೆಷಿನ್ ಮುಂದೆ ಹೋಗಿ ಕೂತರು. ಅದೇ ಟಾರ್ಗೆಟ್, ಅದೇ ಬೈಗುಳ. ಎರಡೇ ದಿನದಲ್ಲಿ ದೆಹಲಿಯನ್ನು ಬಗ್ಗಿಸಿದ ಆ ಶಕ್ತಿಯನ್ನು ಹಿಡಿದು ಫ್ಯಾಕ್ಟರಿ ಫ್ಯಾಕ್ಟರಿಯಲ್ಲಿ ಕಮಿಟಿ ಕಟ್ಟೋಕೆ ಪ್ರತಿ ಗೇಟಿಗೆ ನಾಲ್ಕು ಜನ ಪಳಗಿದವರು ಬೇಕಿತ್ತು. ಎಲ್ಲಿದ್ದರು? ಬೆರಳೆಣಿಕೆಯಷ್ಟು ಜನ, ಇಡೀ ಬೆಂಗಳೂರಿಗೆ. ಜನ ಬೀದಿಗೆ ಬರೋಕೆ ಟ್ರೈನಿಂಗ್ ಬೇಡ. ವಾಪಸ್ ಒಳಗೆ ಹೋದ ಮೇಲೆ ಬೇಕು.

ಅದರ ಮೇಲೆ ಈಗಿನ ಕಾನೂನು ನೋಡಿ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂತು. ಒಂದಕ್ಕಿಂತ ಜಾಸ್ತಿ ಯೂನಿಯನ್ ಇದ್ದರೆ ನೂರಕ್ಕೆ 51 ಕಾರ್ಮಿಕರು ಯಾರ ಕಡೆಗಿದ್ದಾರೋ ಅವರೇ ಮಾತುಕತೆಗೆ ಕೂರೋರು. ಮುಷ್ಕರಕ್ಕೆ ಮುಂಚೆ 14 ದಿನದ ನೋಟಿಸ್ ಕೊಡಬೇಕು, ಎಲ್ಲ ಕಾರ್ಖಾನೆಗೂ. ಅರ್ಧದಷ್ಟು ಜನ ಒಟ್ಟಿಗೆ ಕ್ಯಾಶುವಲ್ ರಜೆ ಹಾಕಿದರೂ ಅದು ಮುಷ್ಕರದ ಲೆಕ್ಕ. ಅಂದರೆ ಯಾವ ಲೈನಿನಲ್ಲಿ ಯಾರು ನಮ್ಮವರು, ಯಾರು ಅಲ್ಲ, ಯಾರು ಗೋಡೆ ಮೇಲಿನವರು ಅನ್ನೋ ಲೆಕ್ಕ ಪುಸ್ತಕದಲ್ಲಿ ಇರಲೇಬೇಕು. ಘೋಷಣೆ ಕೂಗಿ 51 ಆಗಲ್ಲ.

ಟ್ರೈನಿ ಅನ್ನೋದನ್ನೇ ನೀವು ಹಾಸ್ಯ ಮಾಡಿದ್ದೀರಿ. ನನಗೆ ಸಿಟ್ಟು ಬರೋದು ಬೇರೆ ಟ್ರೈನಿಗಳ ವಿಚಾರಕ್ಕೆ. ನಿಮ್ಮ ಕಾಲದಲ್ಲಿ ಅಪ್ರೆಂಟಿಸ್ ಆದವನು ಮುಂದೆ ಪರ್ಮನೆಂಟ್ ಆಗುತ್ತಿದ್ದ. ಇವತ್ತು ಎಷ್ಟೋ ಕಾರ್ಖಾನೆಗಳಲ್ಲಿ ಲೈನ್ ಓಡಿಸೋರೇ ಟ್ರೈನಿಗಳು, ಅವಧಿ ಮುಗಿದರೆ ಮನೆಗೆ, ಹೊಸ ಬ್ಯಾಚ್ ಒಳಗೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅವರು ಕಲಿಯುವವರು, ಕಾರ್ಮಿಕರಲ್ಲ. ಕಾರ್ಮಿಕರಲ್ಲ ಅಂದಮೇಲೆ ಯೂನಿಯನ್ ಎಲ್ಲಿಂದ ಬಂತು? ಮಾಲೀಕರು ಟ್ರೈನಿಂಗ್ ಅನ್ನೋದನ್ನ ಇಷ್ಟು ಚೆನ್ನಾಗಿ ಬಳಸಿಕೊಂಡಿರುವಾಗ ಒಂದು ಯೂನಿಯನ್ ಅದನ್ನು ಬಳಸಿದರೆ ನಿಮಗೆ ಯಾಕೆ ನೋವು?

ಯೂನಿಯನ್ನುಗಳೂ ಸಾಚಾ ಅಲ್ಲ, ಬಿಡಿ. ಇಪ್ಪತ್ತು ವರ್ಷ ಒಬ್ಬರೇ ಅಧ್ಯಕ್ಷರು. ಹತ್ತು ಯೂನಿಯನ್ನಿಗೆ ಒಬ್ಬರೇ ವಕೀಲರು ಪದಾಧಿಕಾರಿ. ಹೊರಗಿನವರು ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ ಅಂತ 2001ರ ತಿದ್ದುಪಡಿ ಹೇಳಿದ ಮೇಲೂ ಕುರ್ಚಿ ಅಂಟಿಕೊಂಡೇ ಇದೆ. ಲೈನಿನಲ್ಲಿ ಕೂತವರೆಲ್ಲ ಹೆಂಗಸರು, ವೇದಿಕೆ ಮೇಲೆ ಕೂತವರೆಲ್ಲ ಗಂಡಸರು. ಮಾತು ಮುಗಿದ ಮೇಲೆ ಕಾಫಿ ಹಂಚೋಕೆ ಮಾತ್ರ ಹೆಣ್ಣುಮಕ್ಕಳ ನೆನಪು. ಲೀಡರ್ ಹುಟ್ಟಿ ಬರ್ತಾನೆ ಅನ್ನೋ ಮಾತು ಇಂಥವರಿಗೆ ಬಹಳ ಅನುಕೂಲ. ತಾವು ಹುಟ್ಟಿ ಬಂದಾಗಿದೆಯಲ್ಲ, ಇನ್ನೊಬ್ಬರನ್ನು ಯಾಕೆ ತಯಾರು ಮಾಡಬೇಕು? ನಿಮ್ಮ ಮಾತಿನಲ್ಲೇ ಗಮನಿಸಿ, "ಬರ್ತಾನೆ". ತಮ್ಮನ ಮಗಳ ವಿಷಯ ಬರೆಯುತ್ತಲೂ "ಬರ್ತಾನೆ"!

ನಮ್ಮ ಪತ್ರಕರ್ತರ ಕಥೆ ಇನ್ನೂ ಚೆಂದ. ನಮಗೆ 1955ರಿಂದಲೇ ಪ್ರತ್ಯೇಕ ಕಾಯ್ದೆ ಇತ್ತು. ನಮ್ಮ ಸಂಬಳ ಗೊತ್ತುಮಾಡಿದ ಮಜೀಠಿಯಾ ವೇತನ ಮಂಡಳಿಯ ಆದೇಶ 2011ರಲ್ಲಿ ಬಂದಾಗ ಎಷ್ಟೋ ಜನ ಆಗಲೇ ಕಾಂಟ್ರಾಕ್ಟ್‌ಗೆ ಸಹಿ ಹಾಕಿ ಆಗಿತ್ತು. ಊರಿನ ಅನ್ಯಾಯವೆಲ್ಲ ಬರೆಯುತ್ತೇವೆ, ನಮ್ಮ ಪೇ ಸ್ಲಿಪ್ ಓದೋಕೆ ಬರಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಪತ್ರಿಕೆಯೊಂದರಲ್ಲಿ ಯೂನಿಯನ್ನಿನ ಹಳಬರು ನಿವೃತ್ತರಾದ ಮೇಲೆ ಬೀರುವಿನ ಕೀಲಿ ಯಾರಿಗೆ ಕೊಡಬೇಕು ಅಂತಲೇ ತಿಳಿಯದೆ ಸೆಕ್ಯುರಿಟಿಯವರ ಕೈಗೆ ಕೊಟ್ಟು ಹೋದರು. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಐಟಿ ಹುಡುಗರು ನಮಗಿಂತ ವಾಸಿ. ಕರ್ನಾಟಕ ರಾಜ್ಯ ಐಟಿ ನೌಕರರ ಯೂನಿಯನ್ ಹುಟ್ಟಿದ್ದು 2017ರಲ್ಲಿ. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾಪ ಬಂದಾಗ ಎದ್ದು ನಿಂತವರಲ್ಲಿ ಅವರು ಮುಂದಿದ್ದರು.

ಹಾಗಾಗಿ ಆ ಹುಡುಗಿಯನ್ನು ಬೈಯಬೇಡಿ. ಭಾನುವಾರ ಮನೆಗೆ ಕರೆಯಿರಿ. ಕಂಪನಿಯೇ ಒಳಗೆ ನಡೆಸುವ ಡೊಮೆಸ್ಟಿಕ್ ಎನ್‌ಕ್ವಯರಿಯಲ್ಲಿ ಮ್ಯಾನೇಜ್‌ಮೆಂಟ್ ಸಾಕ್ಷಿಯನ್ನು ಹೇಗೆ ಪ್ರಶ್ನೆ ಕೇಳಬೇಕು ಅಂತ ಹೇಳಿಕೊಡಿ, ಅದನ್ನು ಹೇಳಿಕೊಡಬಲ್ಲವರು ಈಗ ಜಾಸ್ತಿ ಉಳಿದಿಲ್ಲ. ನಿಮ್ಮ ಹತ್ತಿರ ಕಂಪನಿ ಜತೆ ಆದ ಹಳೇ ಸೆಟ್ಲ್‌ಮೆಂಟ್ ಒಪ್ಪಂದಗಳ ಪ್ರತಿಗಳು ಇರುತ್ತವೆ, ಜೆರಾಕ್ಸ್ ಮಾಡಿಸಿ ಕೊಡಿ. ಹಾಗೇ ಸ್ಟೈಪೆಂಡ್ ಎಷ್ಟು ಅಂತ ಕೇಳಿ. ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದರೆ ಅವಳ ಮೊದಲ ಬೇಡಿಕೆ ಪಟ್ಟಿ ಆ ಯೂನಿಯನ್ ಆಫೀಸಿಗೇ ಹೋಗಲಿ, ಬರೆಯೋಕೆ ನೀವಿದ್ದೀರಲ್ಲ. ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂ.