ಪುರಾವೆ ತೋರಿಸಿದರೂ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರ ಸಂಶಯ ಏಕೆ ಕರಗುವುದಿಲ್ಲ?

ಏಕೆಂದರೆ ಅವರ ಮಟ್ಟಿಗೆ ಅದು ಸಂಶಯವೇ ಅಲ್ಲ, ಕಣ್ಣಾರೆ ಕಂಡಷ್ಟು ಖಚಿತವಾದ ಸತ್ಯ. ಭ್ರಮೆಯ ಈ ಅಲುಗಾಡದ ಖಚಿತತೆಯನ್ನು ಜರ್ಮನ್ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ಗುರುತಿಸಿದ್ದರು. ಇಂದಿನ ಒಂದು ಪ್ರಬಲ ವಿವರಣೆ ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕವಾದ ಡೋಪಮೈನ್‌ನತ್ತ ಬೆರಳು ತೋರಿಸುತ್ತದೆ: ಅದರ ಚಟುವಟಿಕೆ ಅತಿಯಾದಾಗ ಕ್ಷುಲ್ಲಕ ಸಂಗತಿಗೂ ಇಲ್ಲದ ಮಹತ್ವ ಅಂಟಿಕೊಳ್ಳುತ್ತದೆ. ಎದುರುಮನೆಯವರು ಕಿಟಕಿ ಮುಚ್ಚುತ್ತಾರೆ, ಅಷ್ಟೇ. ಅದು ತನಗೆಂದೇ ಮಾಡಿದ ಸನ್ನೆ ಎನಿಸುತ್ತದೆ. ‘ನನ್ನ ಮೇಲೆ ಕಣ್ಣಿಟ್ಟಿದ್ದಾರೆ’ ಎಂಬ ಕತೆ ಹೆಣೆದುಕೊಳ್ಳುತ್ತದೆ. ಅದೇ ಕಿಟಕಿ ತೆರೆಸಿ ತೋರಿಸಿ ನೋಡಿ, ‘ನೀವೂ ಅವರ ಕಡೆಯವರೇ’ ಎಂಬ ಉತ್ತರ ಬಂದೀತು! ಹಾಗಾಗಿ ವಾದಕ್ಕಿಳಿಯಬೇಡಿ, ಹೂಂಗುಟ್ಟಲೂಬೇಡಿ. ‘ನಿಮಗೆ ಭಯವಾಗಿರುವುದು ನನಗೆ ತಿಳಿಯುತ್ತಿದೆ’ ಎಂದರೆ ಸುಳ್ಳೂ ಆಗದು, ಜಗಳವೂ ಆಗದು. ಭ್ರಮೆಯ ಬಿಗಿ ಸಡಿಲಿಸಲು ಸಾಮಾನ್ಯವಾಗಿ ಮನೋವೈದ್ಯರ ಔಷಧವೇ ಬೇಕು. ಪರಿಣಾಮ ಕಾಣಲು ಕೆಲವು ವಾರಗಳು ಹಿಡಿಯಬಹುದು.